ಪಾವಣೆ ಸಹಾ ಎಂದರೆ ಎಷ್ಟು ಗಂಟೆ

ನಮ್ಮ ಪಾಳಣಾಘರದ ಗೋಡೆಯ ಮೇಲೆ ಈಗ ಹದಿನಾಲ್ಕು ರಟ್ಟಿನ ಗಡಿಯಾರಗಳಿವೆ. ಒಂದೂ ತಾನಾಗಿ ನಡೆಯುವುದಿಲ್ಲ. ಹೊಸಬರು ನೋಡಿ ಮೊದಲು ನಗುತ್ತಾರೆ, ಆಮೇಲೆ ಇವು ಯಾಕೆ ಅಂತ ಕೇಳುತ್ತಾರೆ. ಬಾಯಿಂದ ಹೇಳಲು ಹೋದರೆ ನಾನು ಎಲ್ಲಿಂದಲೋ ಶುರು ಮಾಡಿ ಎಲ್ಲಿಗೋ ಹೋಗುತ್ತೇನೆ, ಅಷ್ಟರಲ್ಲಿ ಯಾವುದೋ ಕೂಸು ಅಳುತ್ತದೆ. ಅದಕ್ಕೇ ಒಂದು ಸಲ ಕೂತು ಪೂರ್ತಿ ಬರೆಯುತ್ತಿದ್ದೇನೆ. ಇದರಲ್ಲಿ ನನ್ನದೊಂದು ದೊಡ್ಡ ತಪ್ಪಿದೆ. ಆದರೂ ಈ ಗಡಿಯಾರಗಳ ಬಗ್ಗೆ ನನಗೆ ಜಂಬವಿದೆ, ಅದನ್ನು ಮುಚ್ಚಿಡುವುದಿಲ್ಲ.

ಪಾಳಣಾಘರ ಅಂದರೆ ಕೆಲಸಕ್ಕೆ ಹೋಗುವ ತಾಯಂದಿರು ಕೂಸು ಬಿಟ್ಟು ಹೋಗುವ ಮನೆ. ಮರಾಠಿ ಮಾತು ಅದು. ನಮ್ಮ ಕಡೆಯ ಹೆಂಗಸರು ಅದನ್ನು ತೊಟ್ಟಿಲಮನಿ ಮಾಡಿಕೊಂಡಿದ್ದಾರೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತು, ಪುಣೆಯ ಯೆರವಡಾದಲ್ಲಿ ಸಾಲುಮನೆಗಳ ಒಂದು ಚಾಳಿನಲ್ಲಿ ನಮಗೆ ಎರಡು ಕೋಣೆ. ಹಿಂದಿನದರಲ್ಲಿ ಅವ್ವನ ಒಲೆ. ಮುಂದಿನದು ಹಗಲೆಲ್ಲ ಖಾಲಿ. ಅಪ್ಪ ಗೌಂಡಿ, ಮನೆ ಕಟ್ಟುವ ಕೆಲಸ. ಬೆಳಗ್ಗೆ ಹೋದರೆ ಸಂಜೆ ಏಳಕ್ಕೆ ವಾಪಸ್. ಅಪ್ಪನ ಜೊತೆ ಗಾರೆ ಹೊರುತ್ತಿದ್ದ ಯಾದಗಿರಿ ಕಡೆಯ ಹೆಂಗಸೊಬ್ಬಳ ಎರಡು ವರ್ಷದ ಮಗ, ಕೆಲಸದ ಜಾಗದಲ್ಲಿ ಸುಣ್ಣದ ಹೊಂಡಕ್ಕೆ ಕಾಲಿಟ್ಟು ಪಾದ ಸುಟ್ಟುಕೊಂಡ. ಆಕೆಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಆ ಕೂಸನ್ನು ಹಗಲು ನಾನು ನೋಡಿಕೊಳ್ಳುತ್ತೇನೆ ಎಂದೆ. ಒಂದು ಇದ್ದದ್ದು ದೀಪಾವಳಿಯ ಹೊತ್ತಿಗೆ ಒಂಬತ್ತಾಯಿತು.

ನನಗೆ ಆಗ ಇಪ್ಪತ್ತು ವರ್ಷ. ಈ ಕೆಲಸ ನನಗೆ ಯಾರೂ ಕಲಿಸಿದ್ದಲ್ಲ. ಫುಟ್‌ಪಾತಿನಲ್ಲಿ ಸಿಕ್ಕ ಮಕ್ಕಳ ಆರೈಕೆಯ ಹಳೇ ಮರಾಠಿ ಪುಸ್ತಕ ಒಂದಿತ್ತು, ಮುಖಪುಟ ಇರಲಿಲ್ಲ. ಅದನ್ನು ಓದುವುದು, ತಿಳಿಯದ ಮಾತಿನ ಕೆಳಗೆ ಗೆರೆ ಹಾಕುವುದು, ನೆರೆಯವರನ್ನು ಕೇಳುವುದು. ಮರಾಠಿ ಕಲಿತದ್ದೂ ಹಾಗೆಯೇ. ಹಿಂದಿ ಅಕ್ಷರ ಊರಿನ ಶಾಲೆಯಲ್ಲಿ ಬಂದಿತ್ತು. ಉಳಿದದ್ದು ಅಂಗಡಿಯ ಪೊಟ್ಟಣದ ಕಾಗದ, ಬಸ್ಸಿನ ಹಲಗೆ, ನಲ್ಲಿಯ ಹತ್ತಿರದ ಜಗಳ. ಎಲ್ಲರೂ ನನ್ನ ಮರಾಠಿ ಹೊಗಳುತ್ತಿದ್ದರು. ನಾನೂ ಹೊಗಳಿಕೊಳ್ಳುತ್ತಿದ್ದೆ.

ಎರಡು ಭಾಷೆಯ ಮನೆಯಲ್ಲಿ ತಮಾಷೆಗಳು ಆಗುತ್ತವೆ. ಮರಾಠಿಯಲ್ಲಿ ಹಿರಿಯ ಹುಡುಗಿಯನ್ನು ಅಕ್ಕ ಎನ್ನುವ ಅರ್ಥದಲ್ಲಿ 'ತಾಯಿ' ಎಂದು ಕರೆಯುತ್ತಾರೆ. ಮರಾಠಿ ಮಕ್ಕಳು ನನ್ನನ್ನು ತಾಯಿ ತಾಯಿ ಅನ್ನುವುದು ಕೇಳಿ ಅಕ್ಕನ ಮಗನೂ ಕಲಿತ. ಒಂದು ಸಂಜೆ ಅಕ್ಕನ ಎದುರಿಗೇ ನನ್ನ ಸೆರಗು ಹಿಡಿದು ತಾಯಿ ಎಂದ. ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು.

"ಹಡದಾಕಿ ನಾನು, ತಾಯಿ ಆದಾಕಿ ನೀನೇನು? ಹಿಂಗಾದ್ರ ನಾಳಿಂದ ನೀನೇ ಗಾರಿ ಹೊರು, ನಾ ಇಲ್ಲಿ ಕುಂಡರ್ತೀನಿ."

ತಿಳಿಸಿ ಹೇಳಿದ ಮೇಲೆ ನಕ್ಕಳು. ಆದರೆ ಅಂದಿನಿಂದ ಮಗನಿಗೆ ಮನೆಯಲ್ಲಿ ಪಾಠ ಮಾಡಿದಳೆಂದು ಕಾಣುತ್ತದೆ, ಅವನು ನನ್ನನ್ನು ಏನೂ ಕರೆಯದೆ ಸುಮ್ಮನೆ ಕೂಗಲು ಶುರು ಮಾಡಿದ. ಒಂದೇ ಮಾತು ಎರಡು ಕಡೆ ಬೇರೆ ಬೇರೆ ಅರ್ಥ ಕೊಡುತ್ತದೆ ಎಂದು ನಾನು ಆಗಲೇ ಹುಷಾರಾಗಬೇಕಿತ್ತು. ಆಗಲಿಲ್ಲ.

ಮಕ್ಕಳು ಒಂಬತ್ತಾದ ಮೇಲೆ ಹೊತ್ತು ಗೊತ್ತು ಮಾಡದೆ ಆಗುತ್ತಿರಲಿಲ್ಲ. ಪುಸ್ತಕದಲ್ಲೂ ಅದೇ ಬರೆದಿತ್ತು: ವೇಳೆ ನಿಶ್ಚಿತವಾಗಿರಬೇಕು. ಹೇಗೆ ನಿಶ್ಚಯಿಸಬೇಕು ಎಂದು ಬರೆದಿರಲಿಲ್ಲ. ನಾನು ಒಂದು ವಾರ ಸಂಜೆ ಬಾಗಿಲಲ್ಲಿ ನಿಂತು, ಯಾವ ತಾಯಿ ಎಷ್ಟಕ್ಕೆ ಬರುತ್ತಾಳೆ ಎಂದು ವಹಿಯಲ್ಲಿ ಗುರುತು ಮಾಡಿದೆ. ನಮ್ಮಲ್ಲಿ ತಲೆಯ ಮೇಲೆ ಎರಡು ಪುಟ್ಟ ಗಂಟೆಗಳಿರುವ ಅಲಾರಾಂ ಗಡಿಯಾರವಿತ್ತು. ದಿನಾ ಬೆಳಗ್ಗೆ ಕಾರ್ಖಾನೆಯ ಭೋಂಗಾ, ಅಂದರೆ ಸೈರನ್, ಕೂಗಿದಾಗ ಅದನ್ನು ಸರಿಮಾಡಿಕೊಳ್ಳುತ್ತಿದ್ದೆ. ಮರಾಠಿ ತಾಯಂದಿರು ಮೂವರು. ಇಬ್ಬರಿಗೆ ನಾಲ್ಕಕ್ಕೇ ಬಿಡುವು. ಮೂರನೆಯವಳು ನಗರ ರಸ್ತೆಯ ಕಾರ್ಖಾನೆಯಲ್ಲಿ ಮೋಟಾರಿನ ಕಾಯಿಲ್ ಸುತ್ತುವವಳು. ಅತ್ತಿಗೆಯನ್ನು ಕರೆಯುವಂತೆ ಆಕೆಯನ್ನು ಎಲ್ಲರೂ ವಹಿನಿ ಎನ್ನುತ್ತಿದ್ದರು, ನಾನೂ ವಹಿನಿ ಎನ್ನುತ್ತಿದ್ದೆ. ಐದೂವರೆಗೆ ಪಾಳಿ ಮುಗಿದು, ಬಸ್ಸು ಹಿಡಿದು, ಆಕೆ ಬರುವಾಗ ಆರು ದಾಟಿ ಹತ್ತು ನಿಮಿಷ. ಗಾರೆ ಕೆಲಸದ ಹೆಂಗಸರು ಆರಕ್ಕೆ ಬಿಟ್ಟು, ತೊಟ್ಟಿಯ ನೀರಲ್ಲಿ ಕೈಕಾಲು ತೊಳೆದು ಬರುವಾಗ ಆರೂ ನಲವತ್ತು. ಏಳಕ್ಕೆ ಅಪ್ಪ ಬರುತ್ತಾನೆ, ಆ ಕೋಣೆ ಅವನಿಗೆ ಬೇಕು. ಎಲ್ಲ ಕೂಡಿಸಿ ನೋಡಿ, ಮುಚ್ಚುವ ಹೊತ್ತು ಆರೂಮುಕ್ಕಾಲು ಎಂದು ತೀರ್ಮಾನ ಮಾಡಿದೆ.

ಎರಡು ಪಾಟಿ, ಅಂದರೆ ಸ್ಲೇಟು, ತಂದು ಬಾಗಿಲ ಎರಡೂ ಬದಿಗೆ ತೂಗುಹಾಕಿದೆ. ಒಂದರಲ್ಲಿ ಕನ್ನಡ: ಬೆಳಗ್ಗೆ ಏಳೂವರೆ, ಸಂಜೆ ಆರೂಮುಕ್ಕಾಲು. ಇನ್ನೊಂದರಲ್ಲಿ ಮರಾಠಿ: ಬೆಳಗ್ಗೆ ಸಾಡೇ ಸಾತ್, ಸಂಜೆ ಪಾವಣೆ ಸಹಾ. ಓದಲು ಬಾರದವರಿಗೆ ಅವರವರ ಭಾಷೆಯಲ್ಲಿ ಬಾಯಿಂದಲೂ ಹೇಳಿದೆ. ಎರಡೂ ಪಾಟಿ ಓದಬಲ್ಲವಳು ಇಡೀ ಚಾಳಿನಲ್ಲಿ ನಾನೊಬ್ಬಳೇ. ಅದೂ ಒಂದು ಹೆಮ್ಮೆ.

ಅದೇ ದಿನಗಳಲ್ಲಿ ಮಕ್ಕಳಿಗೆಂದು ಅವಲಕ್ಕಿ ತರಲು ಹೋಗಿ ಮೂಲೆ ಅಂಗಡಿಯಲ್ಲಿ ಪಾವಣೆ ದೋನ್ ಕಿಲೋ ಕೇಳಿದ್ದೆ. ನನ್ನ ಲೆಕ್ಕದಲ್ಲಿ ಅದು ಎರಡೂಮುಕ್ಕಾಲು ಕಿಲೋ. ಮನೆಗೆ ತಂದು ಅಳೆದರೆ ಪೂರಾ ಒಂದು ಕಿಲೋ ಕಡಿಮೆ. ಅಂಗಡಿಯವನು ಮೋಸಗಾರ ಎಂದು ನಾಲ್ಕು ಮನೆಗೆ ಹೇಳಿ, ಅಂದಿನಿಂದ ದೂರದ ಅಂಗಡಿಗೆ ಹೋಗತೊಡಗಿದೆ.

ಪಾಟಿ ಹಾಕಿದ ಮೇಲೆ ವಹಿನಿ ಮೊದಲ ಸಂಜೆಯೇ ಓಡುತ್ತಾ ಬಂದಳು. ಗಡಿಯಾರದಲ್ಲಿ ಆರೂ ಹತ್ತು. "ಉಶೀರ ಝಾಲಾ, ತಾಯಿ" ಎಂದಳು, ತಡವಾಯಿತು ಅಂತ. ಇಲ್ಲ ಇಲ್ಲ, ಏನೂ ಇಲ್ಲ ಎಂದೆ. ಮರುದಿನವೂ ಅದೇ. ದಿನಾ ಓಡಿ ಬರುವುದು, ದಿನಾ ತಡವಾಯಿತು ಎನ್ನುವುದು. ಮುಚ್ಚಲು ಇನ್ನೂ ಅರ್ಧ ತಾಸಿಗಿಂತ ಹೆಚ್ಚಿರುವಾಗ ತಡವಾಯಿತು ಎನ್ನುತ್ತಾಳಲ್ಲ, ಇದು ಪುಣೆಯವರ ಮರ್ಯಾದೆಯ ಮಾತು ಇರಬೇಕು ಎಂದುಕೊಂಡೆ. ನಾವು ಊಟ ಆಯಿತಾ ಎಂದು ಕೇಳುವ ಹಾಗೆ.

ಜನವರಿಯಲ್ಲಿ ಒಂದು ಸಂಜೆ ಅಕ್ಕ ಏಳೂವರೆಗೆ ಬಂದಳು. ಅಂದು ಆಕೆಯ ಕೆಲಸ ಬೇರೆ ಕಟ್ಟಡದಲ್ಲಿ, ಸ್ಲ್ಯಾಬ್ ಹಾಕುವ ದಿನ. ಕಾಂಕ್ರೀಟು ಕಲಸಿದ ಮೇಲೆ ನಡುವೆ ಬಿಡುವ ಹಾಗಿಲ್ಲ, ಮುಗಿಯುವ ತನಕ ಬುಟ್ಟಿ ದಾಟಿಸುತ್ತಲೇ ಇರಬೇಕು. ಅದು ನನಗೆ ಗೊತ್ತಿತ್ತು, ಗೌಂಡಿಯ ಮಗಳು ನಾನು. ಆದರೆ ಕೂಸು ಅತ್ತು ಅತ್ತು ನಿದ್ದೆ ಹೋಗಿತ್ತು, ಅಪ್ಪ ಮೈಮೇಲಿನ ಸಿಮೆಂಟು ತೊಳೆಯಲಾಗದೆ ಹೊರಗೆ ಕೂತಿದ್ದ. ಅದೇ ವಾರ ಇನ್ನಿಬ್ಬರು ತಡ ಮಾಡಿದರು. ನನಗೆ ಸಿಟ್ಟು ಬಂತು. ಪ್ರತಿ ಕೂಸಿನ ಚೀಲಕ್ಕೆ ಗೋಡೆಯಲ್ಲಿ ಒಂದೊಂದು ಮೊಳೆ ಇತ್ತು. ಮುಚ್ಚುವ ಹೊತ್ತು ಮೀರಿ ಮೂರು ಸಲ ಬಂದರೆ ಆ ಮೊಳೆ ಬೇರೆ ಕೂಸಿಗೆ ಎಂದು ಎರಡೂ ಪಾಟಿಯ ಕೆಳಗೆ ಬರೆದೆ.

ಆ ನಿಯಮದ ಮರುದಿನ ವಹಿನಿ ಐದೂ ಐವತ್ತಕ್ಕೇ ಬಂದಳು. ಅದರ ಮರುದಿನ ಸರಿಯಾಗಿ ಐದೂಮುಕ್ಕಾಲಿಗೆ. ಮುಖ ಬೆವರಿ, ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿ ಕೈಯಲ್ಲಿ ಹಿಡಿದಿದ್ದಳು. ಪಾಳಿ ಮುಗಿಯುವುದೇ ಐದೂವರೆಗೆ ಎಂದು ನನ್ನ ವಹಿಯಲ್ಲೇ ಬರೆದಿತ್ತು, ಹೇಗೆ ಬಂದಳು ಎಂದು ನಾನು ಕೇಳಲಿಲ್ಲ. ನೋಡಿದಿರಾ ಶಿಸ್ತು ಎಂದುಕೊಂಡೆ. ಆರೂ ನಲವತ್ತೆರಡಕ್ಕೆ ಕೈ ಒರೆಸಿಕೊಳ್ಳುತ್ತಾ ಬರುವ ನಮ್ಮ ಹೆಂಗಸರಿಗೆ ಆಕೆಯನ್ನು ತೋರಿಸಿ ದಿನಾ ಪಾಠ ಮಾಡಿದೆ. ಕಾರ್ಖಾನೆಯಿಂದ ಬಸ್ಸಿನಲ್ಲಿ ಬರುವಾಕೆ ತಾಸು ಮೊದಲೇ ಬರುತ್ತಾಳೆ, ನಡೆದು ಬರುವ ನಿಮಗೆ ಏನಾಗಿದೆ ಅಂತ. ಅಕ್ಕ ಒಂದು ದಿನ ಕೇಳಿಸಿಕೊಂಡು, "ಆಕಿಗಿ ರೆಕ್ಕಿ ಅವ, ನಮಗ ಕಾಲ ಅವ" ಎಂದು ಮಗನನ್ನು ಸೊಂಟಕ್ಕೆ ಏರಿಸಿಕೊಂಡು ಹೋದಳು.

ಹೀಗೆ ಒಂದು ತಿಂಗಳು ನಡೆಯಿತು.

ಕಾರ್ಖಾನೆಗಳಿಗೆ ಗುರುವಾರ ಸುಟ್ಟಿ, ಅಂದರೆ ರಜೆ. ಒಂದು ಗುರುವಾರ ಮಧ್ಯಾಹ್ನ ವಹಿನಿ ಬಂದಳು. ಮಗಳು ಮನೆಯಲ್ಲೇ ಇದ್ದಳು, ಆಕೆಯೊಬ್ಬಳೇ. ಮಗಳ ಚೀಲವನ್ನು ಮೊಳೆಯಿಂದ ತೆಗೆದು, ಒಳಗಿನ ಲಂಗ, ಲೋಟ ಎಣಿಸಿ, ಭಾನುವಾರ ಅಣ್ಣ ಬರುತ್ತಾನೆ, ಮಗಳನ್ನು ಸಾತಾರಾ ಕಡೆಯ ತವರಿಗೆ ಕಳಿಸುತ್ತೇನೆ ಎಂದಳು. ಮೂರು ವರ್ಷದ ಮಗು. ವರ್ಷಕ್ಕೆ ಎರಡು ಸಲ ನೋಡಲು ಸಿಕ್ಕರೆ ಹೆಚ್ಚು.

ನಮ್ಮಿಂದ ಏನಾದರೂ ತಪ್ಪಾಯಿತಾ ಎಂದು ಕೇಳಿದೆ. ಇಲ್ಲ, ತಪ್ಪು ನನ್ನದೇ, ನಿಮ್ಮ ವೇಳೆಗೆ ಬರಲು ನನ್ನಿಂದ ಆಗುವುದಿಲ್ಲ ಎಂದಳು. ನೀವಾ, ಎಲ್ಲರಿಗಿಂತ ಮೊದಲು ಬರುವವರು ನೀವೇ ಎಂದೆ. ವಹಿನಿಯ ಮುಖ ಬಿಗಿಯಿತು. ಅಣಕಿಸಬೇಡಿ ತಾಯಿ, ನಾನು ಎಣಿಸಿದ್ದೇನೆ, ನಿಯಮ ಬರೆದ ಮೇಲೆ ಮೂರಲ್ಲ, ಹನ್ನೊಂದು ಸಲ ತಡ ಮಾಡಿದ್ದೇನೆ, ನೀವು ದೊಡ್ಡ ಮನಸ್ಸಿನವರು, ಮೊಳೆ ಕಿತ್ತುಕೊಳ್ಳಲಿಲ್ಲ ಎಂದಳು. ನನಗೆ ಆಕೆಯೇ ನನ್ನನ್ನು ಅಣಕಿಸುತ್ತಿದ್ದಾಳೆ ಅನ್ನಿಸಿತು. ನಿನ್ನೆ ಬಂದಾಗ ಆರಕ್ಕೆ ಐದು ನಿಮಿಷ ಇತ್ತು, ಮುಚ್ಚಲು ಇನ್ನೂ ಐವತ್ತು ನಿಮಿಷ ಇತ್ತು, ಎಲ್ಲಿಯ ತಡ ಎಂದೆ.

ವಹಿನಿ ನನ್ನ ಕೈ ಹಿಡಿದು ಮರಾಠಿ ಪಾಟಿಯ ಮುಂದೆ ನಿಲ್ಲಿಸಿ, ಓದಿ ಎಂದಳು.

"ಪಾವಣೆ ಸಹಾ."

ಅಲಾರಾಂ ಗಡಿಯಾರ ತಂದು ಮುಂದೆ ಹಿಡಿದು, ಎಲ್ಲಿ, ತೋರಿಸಿ ಎಂದಳು. ಸಣ್ಣ ಮುಳ್ಳು ಏಳರ ಹತ್ತಿರ, ದೊಡ್ಡದು ಒಂಬತ್ತರ ಮೇಲೆ ಇರಬೇಕು ಎಂದು ಬೆರಳಿಟ್ಟು ತೋರಿಸಿದೆ. ವಹಿನಿ ಏಳರ ಹತ್ತಿರ ಇದ್ದ ನನ್ನ ಬೆರಳನ್ನು ಹಿಡಿದು ಒಂದು ಮನೆ ಹಿಂದಕ್ಕೆ, ಆರರ ಹತ್ತಿರಕ್ಕೆ ಸರಿಸಿದಳು. ಇದು ಪಾವಣೆ ಸಹಾ. ನೀವು ತೋರಿಸಿದ್ದು ಪಾವಣೆ ಸಾತ್.

ನನಗೆ ಒಮ್ಮೆಲೇ ಎಲ್ಲ ತಿಳಿಯಿತು. ಕನ್ನಡದಲ್ಲಿ ನಾವು ಆದ ಗಂಟೆಯ ಮೇಲೆ ಮುಕ್ಕಾಲು ಸೇರಿಸುತ್ತೇವೆ, ಆರು ಆಗಿ ಮೇಲೆ ಮುಕ್ಕಾಲು, ಆರೂಮುಕ್ಕಾಲು. ಮರಾಠಿಯವರು ಬರುವ ಗಂಟೆಯಿಂದ ಕಾಲು ಕಳೆಯುತ್ತಾರೆ, ಆರಕ್ಕೆ ಕಾಲು ಕಡಿಮೆ, ಪಾವಣೆ ಸಹಾ. ಅಂದರೆ ಐದೂಮುಕ್ಕಾಲು. ಸವ್ವಾ ಸಹಾ ಎಂದರೆ ಆರೂಕಾಲು, ಸಾಡೇ ಸಹಾ ಎಂದರೆ ಆರೂವರೆ, ಅವೆರಡರಲ್ಲೂ ಆರು ಆರೇ. ಪಾಊಣ ಕಿಲೋ ಎಂದರೆ ಮುಕ್ಕಾಲು ಕಿಲೋ, ಅದೂ ಗೊತ್ತಿತ್ತು. ಗೊತ್ತಿದ್ದ ತುಂಡುಗಳನ್ನು ಜೋಡಿಸಿ ಗೊತ್ತಿಲ್ಲದ್ದನ್ನು ನಾನೇ ಹೊಲಿದುಕೊಂಡಿದ್ದೆ. ಮೂಲೆ ಅಂಗಡಿಯವನು ನಾನು ಕೇಳಿದಷ್ಟೇ ಅವಲಕ್ಕಿ ತೂಗಿದ್ದ. ವಹಿನಿಗೆ ಮಾತ್ರ ನಾನು ಬೇರೆಯವರಿಗಿಂತ ಒಂದು ತಾಸು ಕಡಿಮೆ ಕೊಟ್ಟಿದ್ದೆ, ಅದರ ಮೇಲೆ ಶಿಕ್ಷೆಯ ನಿಯಮವನ್ನೂ ಬರೆದಿದ್ದೆ.

ನಾನು ಹೇಳಿದ್ದು ಕೇಳಿ ವಹಿನಿ ಮೊದಲು ನಕ್ಕಳು. ನಗುತ್ತಾ ಚಾಪೆಯ ಮೇಲೆ ಕೂತಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆ ಒಂದು ತಿಂಗಳು ಆಕೆ ದಿನಾ ಪಾಳಿ ಮುಗಿಯುವ ಇಪ್ಪತ್ತು ನಿಮಿಷ ಮೊದಲು ಗೇಟ್ ಪಾಸ್ ಕೇಳಿ ಹೊರಬೀಳುತ್ತಿದ್ದಳು. ನಾಲ್ಕು ವರ್ಷದಿಂದ ತಾತ್ಕಾಲಿಕ ಕೆಲಸ. ಪಾಡವಾ, ಅಂದರೆ ನಮ್ಮ ಯುಗಾದಿ ಹಬ್ಬದ ಮೊದಲು ಕಾಯಂ ಆಗುವವರ ಯಾದಿ ಹಚ್ಚುತ್ತಾರೆ ಎಂದು ಸುದ್ದಿ ಇತ್ತು. ಸೂಪರ್‌ವೈಜರ್ ಕರೆದು, ಕೈ ಚೆನ್ನಾಗಿದೆ, ಆದರೆ ದಿನಾ ಅರ್ಧಕ್ಕೆ ಎದ್ದು ಹೋಗುವವರ ಹೆಸರು ಬರೆಯಲು ಆಗುವುದಿಲ್ಲ ಎಂದಿದ್ದರು. ಮಗಳನ್ನು ಕಳಿಸಿದರೆ ಪೂರಾ ಪಾಳಿ ಮಾಡಬಹುದು. ಬುಧವಾರ ಅದನ್ನು ತೀರ್ಮಾನಿಸಿ ಆಕೆ ಅಣ್ಣನಿಗೆ ಕಾಗದ ಬರೆಸಿದ್ದಳು.

ಯಾಕೆ ಒಂದು ಮಾತು ಕೇಳಲಿಲ್ಲ ಎಂದೆ. ನಿಯಮ ಎಲ್ಲರಿಗೂ ಒಂದೇ ಅಂದುಕೊಂಡೆ, ನನಗೊಬ್ಬಳಿಗೆ ಬದಲಿಸಿ ಎಂದು ಹೇಗೆ ಕೇಳಲಿ ಎಂದಳು.

ಚೀಲ ಇವತ್ತು ಇಲ್ಲೇ ಇರಲಿ, ನಾಳೆ ಬೆಳಗ್ಗೆ ಮಾತಾಡೋಣ ಎಂದು ಕೇಳಿಕೊಂಡೆ. ಆಕೆ ಹೋದ ಮೇಲೆ ಹಿಂದಿನ ಕೋಣೆಯಿಂದ ಅವ್ವ ಬಂದಳು. ಅವ್ವನಿಗೆ ಮರಾಠಿ ಅರ್ಧ ತಿಳಿಯುತ್ತದೆ, ಆದರೆ ಮುಖ ಪೂರ್ತಿ ತಿಳಿಯುತ್ತದೆ. ನಡೆದದ್ದು ಹೇಳಿದೆ. ಅವ್ವ ಯೋಚಿಸಿ ಒಂದು ದಾರಿ ಹೇಳಿದಳು.

"ಪಾಟಿ ಒರಿಸಿ ಬಿಡು. ಇಂದಿಂದ ಒಂದು ತಾಸು ಹೆಚ್ಚು ಮಾಡೀನಿ ಅನ್ನು. ಯಾರಿಗೂ ತಿಳಿಯಲ್ಲ. ಮ್ಯಾಲ ನಿನಗೇ ಒಳ್ಳೇದು ಅಂತಾರ."

ಹಾಗೆ ಮಾಡಬಹುದಿತ್ತು. ಒದ್ದೆ ಬಟ್ಟೆ ಕೈಗೆತ್ತಿಕೊಂಡದ್ದೂ ಹೌದು. ನನ್ನ ಹತ್ತಿರ ಡಿಗ್ರಿ ಇಲ್ಲ, ತರಬೇತಿ ಇಲ್ಲ. ಆ ಹುಡುಗಿಗೆ ಗಂಟೆ ಹೇಳಲೂ ಬರುವುದಿಲ್ಲ ಎಂದರೆ ಕೂಸು ಯಾರು ಬಿಡುತ್ತಾರೆ? ಆದರೆ ಪಾಟಿ ಒರೆಸಿದರೆ ಸೂಪರ್‌ವೈಜರ ಪುಸ್ತಕದಲ್ಲಿರುವ ಗೇಟ್ ಪಾಸುಗಳು ಹಾಗೇ ಉಳಿಯುತ್ತವೆ. ವಹಿನಿ ಕೆಲಸಗಳ್ಳಿಯಾಗಿ ಉಳಿಯುತ್ತಾಳೆ, ನಾನು ಒಳ್ಳೆಯವಳಾಗುತ್ತೇನೆ. ಬಟ್ಟೆ ಕೆಳಗಿಟ್ಟು, ಪಾಟಿಯನ್ನು ಹಗ್ಗ ಸಮೇತ ಬಿಚ್ಚಿ, ಅಕ್ಷರ ಅಳಿಸದಂತೆ ಅವ್ವನ ಹಳೇ ಸೀರೆಯಲ್ಲಿ ಸುತ್ತಿದೆ.

ಶುಕ್ರವಾರ ಬೆಳಗ್ಗೆ ವಹಿನಿ ಮಗಳನ್ನು ಬಿಡಲು ಬಂದಾಗ ನಾನೂ ಹೊರಡಲು ತಯಾರಾಗಿದ್ದೆ. ಬೇಡ, ನಗುತ್ತಾರೆ ಎಂದಳು. ನಿಮ್ಮನ್ನು ನೋಡಿ ನಗುವುದಿಲ್ಲವಲ್ಲ ಎಂದೆ. ಮಕ್ಕಳನ್ನು ಅವ್ವನಿಗೆ ಒಪ್ಪಿಸಿ ಇಬ್ಬರೂ ಬಸ್ಸು ಹತ್ತಿದೆವು. ಗೇಟಿನ ಕಾವಲುಗಾರ ಸೀರೆಯ ಗಂಟಿನಲ್ಲಿ ಏನು ಎಂದು ಕೇಳಿದ. ಪಾಟಿ ಎಂದರೆ ನಂಬದೆ ಬಿಚ್ಚಿಸಿ ನೋಡಿದ, ಅದರ ಮೇಲಿದ್ದದ್ದನ್ನು ಗಟ್ಟಿಯಾಗಿ ಓದಿದ.

ಸೂಪರ್‌ವೈಜರ್ ಅರ್ಧ ತಾಸು ಬಿಟ್ಟು ಹೊರಗೆ ಬಂದರು. ಐವತ್ತರ ಹತ್ತಿರದವರು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡಿದ್ದರು. ನಾನು ಪಾಟಿ ತೋರಿಸಿ, ಕನ್ನಡದಲ್ಲಿ ಹೇಗೆ ಹೇಳುತ್ತೇವೆ, ನಾನು ಹೇಗೆ ತಪ್ಪಿದೆ ಎಂದು ಮೊದಲಿಂದ ಹೇಳಿದೆ. ವಹಿನಿ ಪಕ್ಕದಲ್ಲಿ ನೆಲ ನೋಡುತ್ತಾ ನಿಂತಿದ್ದಳು. ಅವರು ನಗಲಿಲ್ಲ. ಪಾವಣೆ ದಹಾ ಎಂದರೆ ಎಷ್ಟು ಎಂದು ಕೇಳಿದರು. ಒಂಬತ್ತೂಮುಕ್ಕಾಲು ಎಂದೆ, ಕನ್ನಡದಲ್ಲೇ ಬಾಯಿಗೆ ಬಂದುಬಿಟ್ಟಿತು. ಆಮೇಲೆ ಮರಾಠಿಯಲ್ಲಿ, ಹತ್ತಕ್ಕೆ ಹದಿನೈದು ನಿಮಿಷ ಕಡಿಮೆ ಎಂದು ತಿದ್ದಿದೆ. ಆಗ ಸ್ವಲ್ಪ ನಕ್ಕರು.

ಬಾಯಿಮಾತು ಸಾಲದು, ಬರೆದುಕೊಡಿ ಎಂದರು. ಕಾವಲುಗಾರನ ಮೇಜಿನ ಮೇಲೆ ಕೂತು, ಇವರು ಬೇಗ ಹೊರಟಿದ್ದು ನನ್ನ ಪಾಟಿಯ ತಪ್ಪಿನಿಂದ ಎಂದು ಬರೆದು ಸಹಿ ಹಾಕಿದೆ. ಅದು ನಾನು ಬರೆದ ಮೊದಲ ಮರಾಠಿ ಅರ್ಜಿ. ಅವರು ಓದಿ, ಒಂದು ಕಡೆ ದೀರ್ಘ ತಿದ್ದಿ, ಮಡಚಿ ಜೇಬಿಗೆ ಹಾಕಿಕೊಂಡರು. ಯಾದಿಯ ಬಗ್ಗೆ ಒಂದು ಮಾತನ್ನೂ ಕೊಡಲಿಲ್ಲ. ಇಂದಿನಿಂದ ಪೂರಾ ಪಾಳಿ ಮಾಡಬೇಕು, ಮುಂದಿನದು ಮುಂದೆ ನೋಡೋಣ ಎಂದಷ್ಟೇ ಹೇಳಿದರು. ಅಷ್ಟಕ್ಕೇ ವಹಿನಿ ಅಣ್ಣನಿಗೆ ಬರಬೇಡ ಎಂದು ತಂತಿ ಕೊಡಿಸಿದಳು.

ಅದೇ ಸಂಜೆ ಎಲ್ಲ ತಾಯಂದಿರನ್ನೂ ನಿಲ್ಲಿಸಿಕೊಂಡು ಹೇಳಿದೆ, ಎರಡೂ ಭಾಷೆಯಲ್ಲಿ. ಮರಾಠಿಯವರು ನಕ್ಕರು. ನಮ್ಮವರ ಪರವಾಗಿ ಅಕ್ಕ ಬಾಯಿ ತೆಗೆದಳು.

"ಅಂದ್ರ ಆಕಿ ಬ್ಯಾಗ ಬರ್ತಿದ್ದಿಲ್ಲ. ತಡಾನೇ ಬರ್ತಿದ್ದಳು."

"ಹೌದಕ್ಕಾ."

"ಆಕಿನ್ನ ತೋರಿಸಿ ತೋರಿಸಿ ನಮಗ ಒಂದು ತಿಂಗಳು ಬೈದೀಯಲ್ಲ, ಅದನ್ನ ವಾಪಸ್ ತಗೋ ಮತ್ತ."

"ತಗೊಂಡೆ."

"ಹಂಗ ಬರೇ ತಗೊಂಡೆ ಅಂದ್ರ ಆಗಲ್ಲ ತಂಗಿ. ಚಹಾ ಕುಡಸು."

ಅವ್ವ ಆಗಲೇ ಸ್ಟೋವ್ ಪಂಪ್ ಮಾಡುತ್ತಿದ್ದಳು.

ಆ ಚಹಾ ಕುಡಿಯುತ್ತಲೇ ನನಗೆ ಇನ್ನೊಂದು ತಿಳಿಯಿತು. ಪಾಟಿಯಲ್ಲಿ ಪಾವಣೆ ಸಾತ್ ಎಂದು ತಿದ್ದಿದರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ನಾನು ಒಂದು ಹೊತ್ತು ಹೇಳಿ ಒಂಬತ್ತು ಜನಕ್ಕೆ ಹೊಂದಿಸುತ್ತಿದ್ದೆ, ಯಾರಿಗೆ ಯಾವತ್ತು ಎಷ್ಟಾಗುತ್ತದೆ ಎಂದು ಯಾರನ್ನೂ ಕೇಳಿರಲಿಲ್ಲ. ಸ್ಲ್ಯಾಬಿನ ದಿನ ಅಕ್ಕನಿಗೆ ಮೊದಲೇ ಗೊತ್ತಿರುತ್ತದೆ. ಬೆಳಗ್ಗೆ ಹೇಳಿ ಹೋದರೆ ಮಗನಿಗೆ ಒಂದು ರೊಟ್ಟಿ ಹೆಚ್ಚಿಗೆ ಎತ್ತಿಡಬಹುದು. ಹೇಳುವುದಕ್ಕೆ ಮಾತು ಬೇಡ, ಮಾತಿನಲ್ಲೇ ನಾನು ಎಡವಿದ್ದು. ತಾಯಿಯೇ ಮುಳ್ಳು ತಿರುಗಿಸಿ ತೋರಿಸಿ ಹೋಗಲಿ.

ಶನಿವಾರವೇ ಶುರು ಮಾಡಿದೆ. ಸೀರೆ ಅಂಗಡಿಯಿಂದ ರಟ್ಟಿನ ಡಬ್ಬಿಗಳನ್ನು ಕೇಳಿ ತಂದು, ಊಟದ ತಾಟು ಬೋರಲು ಇಟ್ಟು ಗೆರೆ ಎಳೆದು ಕತ್ತರಿಸಿದೆ. ಹನ್ನೆರಡು, ಮೂರು, ಆರು, ಒಂಬತ್ತು ಮೊದಲು ಬರೆದು ಉಳಿದದ್ದು ನಡುವೆ ತುಂಬಿದೆ. ಪೊರಕೆಯ ಕಡ್ಡಿಗಳೇ ಮುಳ್ಳು, ಒಂದು ಗಿಡ್ಡ, ಒಂದು ಉದ್ದ. ನಡುವೆ ಸಣ್ಣ ಮೊಳೆ ಚುಚ್ಚಿ ಒಂಬತ್ತು ಗಡಿಯಾರ ಗೋಡೆಗೆ ಹಾಕಿ, ಸೋಮವಾರ ಬೆಳಗ್ಗೆ ಎಲ್ಲ ತಾಯಂದಿರಿಂದ ಮುಳ್ಳು ಇಡಿಸಿದೆ. ಎರಡು ತಾಸು ಬಿಟ್ಟು ನೋಡಿದರೆ ಒಂಬತ್ತೂ ಗಡಿಯಾರದಲ್ಲಿ ಆರೂವರೆ. ಕಡ್ಡಿಗಳು ತಮ್ಮ ಭಾರಕ್ಕೆ ಜಾರಿ ಎರಡೂ ಕೆಳಗೆ ಆರರ ಮೇಲೆ ನಿಂತಿದ್ದವು. ಅವ್ವ ನೋಡಿ, ಎಲ್ಲರೂ ಒಂದೇ ಹೊತ್ತಿಗೆ ಬರುತ್ತಾರಂತೆ, ಇನ್ನೇನು ಬೇಕು ಎಂದಳು.

ಹಿಟ್ಟಿನ ಅಂಟು ಹಚ್ಚಿದೆ, ಆಗ ಮುಳ್ಳು ತಿರುಗಲೇ ಇಲ್ಲ. ದಾರ ಬಿಗಿದೆ, ಮಧ್ಯಾಹ್ನದ ಹೊತ್ತಿಗೆ ಸಡಿಲ. ಕೊನೆಗೆ ಸೈಕಲ್ ಅಂಗಡಿಯಿಂದ ಹಳೇ ಟ್ಯೂಬಿನ ತುಂಡು ತಂದು ನಾಲ್ಕಾಣೆ ಗಾತ್ರದ ಬಿಲ್ಲೆ ಕತ್ತರಿಸಿ, ಕಡ್ಡಿಗೂ ರಟ್ಟಿಗೂ ನಡುವೆ ಇಟ್ಟು, ಹಿಂದಿನಿಂದ ಗುಂಡಿ ಹೊಲಿದು ಬಿಗಿ ಮಾಡಿದೆ. ರಬ್ಬರು ಹಿಡಿದುಕೊಂಡಿತು. ಮುಳ್ಳು ಇಟ್ಟಲ್ಲಿ ನಿಂತಿತು, ತಿರುಗಿಸಿದರೆ ತಿರುಗಿತು. ಅದನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದೆನೋ ಲೆಕ್ಕವಿಲ್ಲ.

ಅಕ್ಕನಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಬಿಸಿಲು, ಭೋಂಗಾ, ಕೂಲಿಗಳ ಮೇಸ್ತ್ರಿ ಮುಕಾದಮನ ಸೀಟಿ, ಇವೇ ಆಕೆಯ ಮುಳ್ಳು. ಆಕೆಯ ರಟ್ಟಿನಲ್ಲಿ ಆರೂಮುಕ್ಕಾಲಿಗೆ ಮುಳ್ಳುಗಳು ನಿಲ್ಲುವ ಎರಡು ಜಾಗಕ್ಕೆ ಕುಂಕುಮದ ಬೊಟ್ಟು ಇಟ್ಟುಕೊಟ್ಟೆ. ಎರಡು ವಾರದಲ್ಲಿ ಬೊಟ್ಟು ಒರೆಸಿ ಹಾಕು ಎಂದಳು. "ಈಗ ಮುಕಾದಮಗ ನಾನೇ ಹೊತ್ತು ಹೇಳ್ತೀನಿ. ಅವನ ವಾಚು ಐದು ಮಿನಿಟ ಹಿಂದ ಅದ."

ತಡದ ನಿಯಮವನ್ನೂ ಹೊಸದಾಗಿ ಕಟ್ಟಿದೆ. ತಡ ಅಂದರೆ ನನ್ನ ಹೊತ್ತು ಮೀರಿದ್ದಲ್ಲ, ತಾನೇ ಇಟ್ಟ ಮುಳ್ಳು ಮೀರಿದ್ದು. ದಿನದ ಕೊನೆ ಆರೂಮುಕ್ಕಾಲು, ಬೆಳಗ್ಗೆಯೇ ಮುಳ್ಳು ಮುಂದೆ ಇಟ್ಟುಹೋದರೆ ಏಳೂವರೆ. ಆ ದಿನ ಅಪ್ಪ ಹಿಂದಿನ ಕೋಣೆಯಲ್ಲಿ ಇರುತ್ತಾನೆ, ಅವನನ್ನು ಒಪ್ಪಿಸಿದೆ. ಮೊಳೆ ಯಾರದೂ ಹೋಗುವುದಿಲ್ಲ. ಮುಳ್ಳು ಮೀರಿ ಬಂದವಳು ತನ್ನ ಸುಟ್ಟಿಯ ದಿನ ಅರ್ಧ ದಿವಸ ಬಂದು ನನ್ನ ಜೊತೆ ಮಕ್ಕಳನ್ನು ನೋಡಬೇಕು. ಅದಕ್ಕೆ ಪಾಳಿ ಎಂದು ಹೆಸರಿಟ್ಟೆ. ಕಾರ್ಖಾನೆಯವರಿಗೆ ಗುರುವಾರ, ಗಾರೆಯವರಿಗೆ ಭಾನುವಾರ. ಒಂದು ಪಾಳಿ ಮಾಡಿದವರು ಎರಡನೆಯದು ಬರದಂತೆ ನೋಡಿಕೊಂಡರು. ಕೂಸುಗಳ ಮೂಗು ಒರೆಸುವುದು ಗಾರೆ ಹೊರುವುದಕ್ಕಿಂತ ಹಗುರ ಎಂದುಕೊಂಡಿದ್ದೆ ಎಂದು ಅಕ್ಕ ತನ್ನ ಪಾಳಿಯ ದಿನ ಒಪ್ಪಿಕೊಂಡಳು.

ಮೂಲೆ ಅಂಗಡಿಗೂ ಹೋದೆ. ತಪ್ಪಾಯಿತು ಎಂದು ಹೇಳಲು ನಾಚಿಕೆಯಾಗಿ, ಪಾವಣೆ ತೀನ್ ಕಿಲೋ ಅವಲಕ್ಕಿ ಎಂದೆ. ಅಂಗಡಿಯವನು ತೂಗುತ್ತಾ, ಈ ಸಲ ಎಷ್ಟು ಬೇಕೆಂದು ಗೊತ್ತಿದೆಯಾ ಎಂದು ಕೇಳಿದ. ನಾಲ್ಕು ಮನೆಗೆ ಹೇಳಿದ್ದು ಅವನಿಗೆ ಮುಟ್ಟಿತ್ತು.

ಪಾಡವಾಕ್ಕೆ ನಾಲ್ಕು ದಿನವಿತ್ತು. ಆ ಬೆಳಗ್ಗೆ ವಹಿನಿ ಮಗಳನ್ನು ಇಳಿಸಿ, ತನ್ನ ರಟ್ಟಿನ ಮುಂದೆ ನಿಂತು, ಗಿಡ್ಡ ಕಡ್ಡಿಯನ್ನು ಏಳರ ಹತ್ತಿರಕ್ಕೂ ಉದ್ದದ್ದನ್ನು ಒಂಬತ್ತಕ್ಕೂ ತಿರುಗಿಸಿ, ನನ್ನ ಕಡೆ ನೋಡಿ "ಆರೂಮುಕ್ಕಾಲ" ಎಂದಳು. ಅಷ್ಟು ಕನ್ನಡ ಆಕೆ ಅಕ್ಕನಿಂದ ಕಲಿತಿದ್ದಳು. ಯಾದಿ ಇವತ್ತು ಹಚ್ಚುತ್ತಾರಂತೆ ಎಂದಷ್ಟೇ ಹೇಳಿ ಹೋದಳು.

ಸಂಜೆ ಒಬ್ಬೊಬ್ಬರೇ ಬಂದು ಕೂಸು ಕರೆದುಕೊಂಡು ಹೋದರು. ಆರೂಮುಕ್ಕಾಲು ಆಯಿತು. ವಹಿನಿ ಬರಲಿಲ್ಲ. ಅಕ್ಕ ಮಗನನ್ನು ಎತ್ತಿಕೊಂಡವಳು ಹೋಗದೆ ಹೊಸ್ತಿಲಲ್ಲಿ ಕೂತಳು. ಏಳಕ್ಕೆ ಅಪ್ಪ ಬಂದ, ಹಿಂದಿನ ಕೋಣೆಗೆ ಹೋದ. ವಹಿನಿಯ ಮಗು ಚುರುಮುರಿ ತಿನ್ನುತ್ತಾ ಗೋಡೆಯ ರಟ್ಟನ್ನೂ ಅಲಾರಾಂ ಗಡಿಯಾರವನ್ನೂ ಸರದಿಯಲ್ಲಿ ನೋಡುತ್ತಿತ್ತು. ಹೆಸರು ಇರಲಿಲ್ಲವೇನೋ, ಎಲ್ಲೋ ಕೂತು ಅಳುತ್ತಿದ್ದಾಳೇನೋ ಎಂದು ನಾನು ಮತ್ತೆ ಮತ್ತೆ ಬಾಗಿಲಿಗೆ ಹೋಗಿ ನೋಡಿದೆ. ಹಾಗೆ ಆಗಿದ್ದರೆ ಅದು ನನ್ನ ಪಾಟಿಯಿಂದ ಆದದ್ದು.

ಏಳೂ ಹತ್ತಕ್ಕೆ ವಹಿನಿ ಬಂದಳು. ಓಡುತ್ತಾ ಅಲ್ಲ, ನಡೆದು. ಒಳಗೆ ಬಂದು ಮಗಳನ್ನೂ ಎತ್ತಲಿಲ್ಲ. ನೇರ ಗೋಡೆಯ ಹತ್ತಿರ ಹೋಗಿ ತನ್ನ ಮುಳ್ಳು ನೋಡಿದಳು, ತಿರುಗಿ ಅಲಾರಾಂ ಗಡಿಯಾರ ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು.

"ಗುರುವಾರ ಪಾಳಿ ನಂದು" ಎಂದಳು, ಕನ್ನಡದಲ್ಲಿ.

ಅಷ್ಟು ಹೇಳಿದ ಮೇಲೆ ಊಟದ ಡಬ್ಬಿ ತೆರೆದು, ಒಳಗೆ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದ ಕಾಗದವನ್ನು ನನಗೆ ಕೊಟ್ಟಳು. ಆಫೀಸಿನ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕರೆದು ಸಹಿ ಮಾಡಿಸುವಾಗ ಹೊತ್ತಾಯಿತಂತೆ. ಟೈಪ್ ಮಾಡಿದ ಮರಾಠಿ. ನಾನು ನಿಧಾನಕ್ಕೆ, ಒಂದೊಂದು ಅಕ್ಷರಕ್ಕೆ ಬೆರಳಿಟ್ಟು, ಎಲ್ಲರಿಗೂ ಕೇಳುವಂತೆ ಓದತೊಡಗಿದೆ. ಮೂರನೇ ಸಾಲಿನಲ್ಲಿ ಆ ಮಾತು ಬಂತು.

"ಏನಂತ ಬರದಾರ?" ಎಂದು ಹಿಂದಿನ ಕೋಣೆಯಿಂದ ಅವ್ವ ಕೇಳಿದಳು.

"ಕಾಯಂ" ಎಂದೆ. ಆ ಮಾತು ಮರಾಠಿಯಲ್ಲೂ ನಮ್ಮಲ್ಲೂ ಒಂದೇ. ಅರ್ಥ ಹೇಳುವ ಮೊದಲೇ ಹೊಸ್ತಿಲಲ್ಲಿದ್ದ ಅಕ್ಕ ಎದ್ದು ನಿಂತಿದ್ದಳು.